ಕುತ್ತಿಗಿ ಲಟಕ್ ಅನಿಸಿದ್ರ ಫಿಟ್ಸ್ ನಿಲ್ಲಲ್ರಿ

ಸಿಂಧನೂರಿನ ಅಣ್ಣಾರ, ಕೈರೋಪ್ರಾಕ್ಟರ್ (ಕೈಯಿಂದ ಬೆನ್ನು, ಕುತ್ತಿಗಿ ಕೀಲು ಒತ್ತಿ ತಿರುವಿ ಚಿಕಿತ್ಸಾ ಮಾಡೋರು) ಕಡೆ ಕುತ್ತಿಗಿ ಲಟಕ್ ಅನಿಸಿದ್ರ ಮೆದುಳಿನ ತರಂಗ ಬದಲಾಗಿ ಅಪ್ಪಾರ ಫಿಟ್ಸ್ ನಿಲ್ತಾವೇನು ಅಂತ ಕೇಳೀರಲ್ಲ, ನಿಲ್ಲಲ್ರಿ. ತರಂಗದಾಗ ಏನೋ ಬದಲಾಗೋದು ಖರೇನ, 2007ರಾಗ ಹೈಡಿ ಹಾವಿಕ್ ಅನ್ನೋ ಸಂಶೋಧಕರು ಕೈ ನರಕ್ಕ ಸಣ್ಣ ಕರೆಂಟ್ ಕೊಟ್ಟು ತಲಿ ಮ್ಯಾಲೆ ಸಿಗ್ನಲ್ ಅಳದಾಗ ಕುತ್ತಿಗಿ ತಿರುವಿದ ಮ್ಯಾಲೆ ಎನ್30 ಅನ್ನೋ ಅಲಿ ಸಣ್ಣದಾಗಿತ್ತು, ಆದ್ರ ಸುಮಾರು 20 ನಿಮಿಷ ಅಷ್ಟ, ಅದೂ ಫಿಟ್ಸಿಗೆ ಮಾಡಿದ್ದಲ್ಲ. ಇಇಜಿ (ಮೆದುಳಿನ ತರಂಗ ಗೆರಿಯಾಗಿ ಬರೆಯೋ ಪರೀಕ್ಷಾ) ಪ್ರಿಂಟ್ ತೋರ್ಸಿ ನೋಡ್ರಿ ಬದಲಾತು ಅಂದ್ರ ನಂಬಬ್ಯಾಡ್ರಿ, ಸುಮ್ನ ಕಣ್ಣು ಮುಚ್ಚಿದ್ರೂ ಆಲ್ಫಾ ಅನ್ನೋ ಅಲಿ ಜಾಸ್ತಿ ಆಗ್ತದ, ಹಲ್ಲು ಕಚ್ಚಿದ್ರ ಗೆರಿಯೆಲ್ಲಾ ಗಿಜಿಗಿಜಿ. ಕುತ್ತಿಗಿ ಜೋರಾಗಿ ತಿರುವಿ ಅಪರೂಪಕ್ಕ ರಕ್ತನಾಳ ಹರದು ಸ್ಟ್ರೋಕ್ ಆಗಿದ್ದೂ ಅದ. ದಯಮಾಡಿ ಗುಳಿಗಿ ಒಂದಿನಾನೂ ಬಿಡಿಸಬ್ಯಾಡ್ರಿ, ರಾಯಚೂರಾಗ ನರರೋಗದ ಡಾಕ್ಟರಿಗೆ ತೋರ್ಸ್ರಿ, ಫಿಟ್ಸ್ ಬಂದಾಗ ಫೋನಿನಾಗ ವಿಡಿಯೋ ಮಾಡಿ ಒಯ್ರಿ, ಅವರಿಗೆ ಭಾಳ ಉಪಯೋಗ ಆಗ್ತದ.