ಹಳೆಯ ಪೋರ್ಷೆ 911ರಲ್ಲಿ ರೇಡಿಯೇಟರ್ ನೀರೇ ಇಲ್ಲ, ಮತ್ತೆ ಎಂಜಿನ್ ಆಯಿಲ್ ಹೇಗೆ ತಣ್ಣಗಾಗುತ್ತದೆ?

ಗಾಳಿಯಿಂದಲೇ, ಎರಡು ಕಡೆ. ಹಿಂದೆ ಎಂಜಿನ್‌ಗೇ ಅಂಟಿಕೊಂಡ ಕೂಲರ್‌ಗೆ ದೊಡ್ಡ ಫ್ಯಾನ್ ಗಾಳಿ ಊದುತ್ತದೆ. ಅದು ಸಾಲದಾದಾಗ ಆಯಿಲ್ ಮುಂದಿನ ಬಲ ಫೆಂಡರ್ ಒಳಗಿನ ಇನ್ನೊಂದು ಕೂಲರ್‌ಗೆ ಹೋಗಿಬರುತ್ತದೆ. 911 ಎಸ್ ಮಾದರಿಗೆ ಇದು 1969ರಲ್ಲಿ ಬಂತು. ಇಲ್ಲಿ ಆಯಿಲ್ ಬರೀ ಜಾರಿಕೆಗಲ್ಲ, ಎಂಜಿನ್ನಿನ ಶಾಖ ಹೊತ್ತೊಯ್ಯುವುದೂ ಅದೇ. ಹಾಗಾಗಿ ಅದರ ಬಿಸಿ ಮಿತಿ ಮೀರದಂತೆ ನೋಡಿಕೊಳ್ಳುವುದು ನಿಜಕ್ಕೂ ಮುಖ್ಯ.

ಸುಮಾರು 85 ಡಿಗ್ರಿ ಸೆಲ್ಸಿಯಸ್‌ನಲ್ಲಿ ಥರ್ಮೋಸ್ಟಾಟ್, ಅಂದರೆ ಬಿಸಿಗೆ ತಾನಾಗಿ ತೆರೆಯುವ ಕವಾಟ, ಮುಂದಿನ ಕೂಲರ್‌ಗೆ ದಾರಿ ಬಿಡುತ್ತದೆ. ಆಯಿಲ್ ಬಿಸಿ ತೋರಿಸುವ ಮುಳ್ಳು ಏರುತ್ತಲೇ ಇದ್ದರೆ ಬಲಬಾಗಿಲ ಕೆಳಗೆ ಹಾಯುವ ಆಯಿಲ್ ಪೈಪ್‌ಗಳ ಹತ್ತಿರ ಕೈ ಹಿಡಿದು ನೋಡಿ (ಮುಟ್ಟಬೇಡಿ, ಸುಟ್ಟೀತು). ಬಿಸಿಯೇ ತಾಗದಿದ್ದರೆ ಕವಾಟ ಕಚ್ಚಿಕೊಂಡಿರಬಹುದು. ಬಿಸಿಯಿದ್ದರೆ ಮುಂದಿನ ಕೂಲರ್‌ನಲ್ಲಿ ಸಿಕ್ಕ ಎಲೆ, ಕೆಸರು ತೆಗೆಯಿರಿ.