ಗುಜರಿ ಅಂಗಡಿಯಲ್ಲಿ ಅಡಿಗಲ್ಲು ಹುಡುಕುವವರಿಗೆ

ಹಳೆಯ ಕುಲುಮೆ ಸಾಮಾನು ಮತ್ತು ಗುಜರಿ ಕಬ್ಬಿಣದ ಬಗ್ಗೆ ಮಂಗಳೂರು, ಉಡುಪಿ ಕಡೆಯ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ತೋಟಕ್ಕೆ ಬೇಕಾದ ಕತ್ತಿ, ಗುದ್ದಲಿ ನಾವೇ ತಟ್ಟಿಕೊಳ್ಳೋಣವೆಂದು ಮನೆ ಹಿಂದೆ ಸಣ್ಣ ಕುಲುಮೆ ಹಾಕುತ್ತಿದ್ದೇನೆ. ಕಾದ ಕಬ್ಬಿಣವಿಟ್ಟು ತಟ್ಟುವ ಹೊಸ ಅಡಿಗಲ್ಲು (ಆನ್‌ವಿಲ್) ಕೈಗೆಟುಕುವ ಬೆಲೆಯಲ್ಲಿಲ್ಲ. ಗುಜರಿಯಲ್ಲಿ ಒಳ್ಳೆಯದು ಸಿಗುತ್ತದೆಯೇ? ಗುರುತಿಸುವುದು ಹೇಗೆ?
— ಓದುಗರು, ಬ್ರಹ್ಮಾವರ

ಉತ್ತರ: ಕೊಂಬಿರುವ ಅಡಿಗಲ್ಲೇ ಬೇಕೆಂದು ಹಟ ಹಿಡಿದರೆ ವರ್ಷಗಟ್ಟಲೆ ಕಾಯಬೇಕಾದೀತು. ಅದರ ಅಗತ್ಯವೂ ಇಲ್ಲ. ನಮ್ಮೂರ ಆಚಾರಿಗಳು ಮರದ ಕೊರಡಿನಲ್ಲಿ ಹುಗಿದ ಚೌಕ ಉಕ್ಕಿನ ಗಟ್ಟಿಯ ಮೇಲೆಯೇ ತಲೆಮಾರುಗಟ್ಟಲೆ ಕತ್ತಿ ತಟ್ಟಿದ್ದಾರೆ. ನಿಮಗೆ ಬೇಕಾದದ್ದು ಏಟು ಬೀಳುವ ಜಾಗದ ನೇರ ಕೆಳಗೆ ತೂಕವಿರುವ, ಗಟ್ಟಿಯಾದ ಉಕ್ಕು. ಅದು ಗುಜರಿಯಲ್ಲಿ ಬೇರೆ ಬೇರೆ ರೂಪದಲ್ಲಿ ಬಿದ್ದಿರುತ್ತದೆ.

ನಮ್ಮ ಮೊದಲ ಆಯ್ಕೆ ಕಲ್ಲು ಕ್ವಾರಿಗಳಲ್ಲಿ ಸವೆದು ಬಿಸಾಡುವ ರಾಕ್ ಬ್ರೇಕರಿನ ಚೂಪು. ಕಾರ್ಕಳದ ಕಡೆ ಕರಿಕಲ್ಲಿನ ಕೆಲಸ ನಡೆಯುವಲ್ಲಿ ವಿಚಾರಿಸಿ. ಏಟು ತಿನ್ನಲೆಂದೇ ಮಾಡಿದ ಉಕ್ಕು ಅದು, ತೂಕಕ್ಕೂ ಕೊರತೆಯಿಲ್ಲ. ಎರಡನೆಯದು ದಪ್ಪ ಶಾಫ್ಟಿನ ತುಂಡು. 100 ಮಿ.ಮೀ. ವ್ಯಾಸದ, 30 ಸೆಂ.ಮೀ. ಉದ್ದದ ತುಂಡು ಸುಮಾರು 18 ಕೆ.ಜಿ. ತೂಗುತ್ತದೆ, ವ್ಯಾಸ 150 ಮಿ.ಮೀ. ಆದರೆ ಅದೇ ಉದ್ದಕ್ಕೆ 41 ಕೆ.ಜಿ. ದಾಟುತ್ತದೆ. ಒಂದು ಕೆ.ಜಿ. ಸುತ್ತಿಗೆಗೆ 50 ಕೆ.ಜಿ. ಅಡಿಗಲ್ಲು ಎಂಬುದು ಹಳೆಯ ಲೆಕ್ಕ. ಆದರೆ ತೂಕವೆಲ್ಲ ಏಟಿನ ಕೆಳಗೇ ನೇರವಾಗಿ ನಿಂತಿದ್ದರೆ 20 ಕೆ.ಜಿ.ಯಲ್ಲೂ ಕತ್ತಿ ಕೆಲಸ ಚೆನ್ನಾಗಿ ನಡೆಯುತ್ತದೆ. ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶದ ಗುಜರಿಗಳಲ್ಲಿ ಫೋರ್ಕ್‌ಲಿಫ್ಟಿನ ಮುರಿದ ನಾಲಿಗೆ ಸಿಕ್ಕರೆ ಅದನ್ನೂ ಬಿಡಬೇಡಿ.

ಪರೀಕ್ಷೆಗೆ ಜೇಬಿನಲ್ಲಿ ಮೂರು ವಸ್ತು ಸಾಕು: ಹಳೆ ಬೇರಿಂಗಿನ ಒಂದು ಗುಂಡು, ಒಂದು ಹರಿತವಾದ ಅರ, ಒಂದು ಅಯಸ್ಕಾಂತ (ಅದು ಅಂಟದಿದ್ದರೆ ಸ್ಟೇನ್‌ಲೆಸ್ ಎಂದರ್ಥ). ತುಕ್ಕು ಉಜ್ಜಿದ ಜಾಗದ ಮೇಲೆ ಗುಂಡನ್ನು 25 ಸೆಂ.ಮೀ. ಎತ್ತರದಿಂದ ಬಿಡಿ. 18 ಸೆಂ.ಮೀ. ಅಥವಾ ಅದಕ್ಕಿಂತ ಮೇಲಕ್ಕೆ ಪುಟಿದರೆ ಕಣ್ಣು ಮುಚ್ಚಿ ಕೊಳ್ಳಬಹುದು. 8 ಸೆಂ.ಮೀ. ಸುತ್ತಮುತ್ತ ನಿಂತುಬಿಟ್ಟರೆ ಅದು ಬೀಡು (ಎರಕದ ಕಬ್ಬಿಣ) ಅಥವಾ ಮೆದು ಉಕ್ಕು ಇರಬಹುದು, ಇಲ್ಲವೇ ಒಳಗೆ ಬಿರುಕಿರಬಹುದು. ಒಂದೇ ಕಡೆ ಬಿಟ್ಟು ನಂಬಬೇಡಿ. ನಡು, ಅಂಚು, ಮೂಲೆ ಎಲ್ಲ ಕಡೆ ಬಿಡಿ. ನಡುವೆ ಚೆನ್ನಾಗಿ ಪುಟಿದು ಒಂದು ಮೂಲೆಯಲ್ಲಿ ಮಾತ್ರ ಸತ್ತಂತೆ ಬಿದ್ದರೆ ಅಲ್ಲಿ ವೆಲ್ಡಿಂಗ್ ಮಾಡಿ ಮುಚ್ಚಿದ ಗಾಯವಿರುವ ಸಾಧ್ಯತೆ ಹೆಚ್ಚು. ಆಮೇಲೆ ಅರ ಎಳೆದು ನೋಡಿ. ಅರ ಜಾರಿದರೆ ಮೇಲ್ಮೈ ಗಟ್ಟಿ, ಬೆಣ್ಣೆಯಂತೆ ಕೊರೆದರೆ ಮೆದು. ಮೆದು ಎಂದ ಮಾತ್ರಕ್ಕೆ ತಿರಸ್ಕರಿಸಬೇಕಿಲ್ಲ. ತಣ್ಣಗಿನ ಕಬ್ಬಿಣವನ್ನು ಅದರ ಮೇಲೆ ತಟ್ಟದಂತೆ ನೋಡಿಕೊಂಡರೆ ಅದೂ ಬಾಳುತ್ತದೆ.

ಹೊರಗಿನ ತುಕ್ಕಿಗೆ ಹೆದರಬೇಡಿ. ಬಣ್ಣ ಬಳಿದು ಹೊಳೆಯುವಂತೆ ಇಟ್ಟದ್ದನ್ನು ನೋಡಿದಾಗ ಹೆಚ್ಚು ಎಚ್ಚರವಾಗಿರಿ, ಏಕೆಂದರೆ ಬಿರುಕು ಅಡಗುವುದು ಬಣ್ಣದಡಿಯಲ್ಲೇ.

ನೆಲದಲ್ಲಿ 45ರಿಂದ 60 ಸೆಂ.ಮೀ. ಹುಗಿದ ಹಲಸು ಅಥವಾ ಹುಣಸೆ ಕೊರಡಿನ ಮೇಲೆ ಕೂರಿಸಿ. ಹುಗಿಯುವ ಭಾಗವನ್ನು ಸುಟ್ಟು ಕಪ್ಪು ಮಾಡದಿದ್ದರೆ ನಮ್ಮ ಮಣ್ಣಿನಲ್ಲಿ ಗೆದ್ದಲು ಬೇಗ ತಿಂದುಹಾಕುತ್ತದೆ. ನೀವು ನಿಂತು ಕೈ ಇಳಿಬಿಟ್ಟು ಮುಷ್ಟಿ ಹಿಡಿದಾಗ ಗೆಣ್ಣು ಎಲ್ಲಿ ಬರುತ್ತದೋ ಅಡಿಗಲ್ಲಿನ ಮೇಲ್ಭಾಗ ಅಲ್ಲಿರಲಿ.

ಇನ್ನೊಂದು ಮಾತು. ಕೆಲಸ ನಿಂತ ಆಚಾರಿಗಳ ಕೊಟ್ಟಿಗೆಯಲ್ಲಿ ಸಾಮಾನು ಕೇಳಲು ಹೋದರೆ ಕೆ.ಜಿ. ಲೆಕ್ಕದಲ್ಲಿ ಬೆಲೆ ಕಟ್ಟಬೇಡಿ. ಆಯುಧ ಪೂಜೆಯ ದಿನ ಆ ಅಡಿಗಲ್ಲಿಗೆ ಹೂವಿಡುವ ಮನೆ ಅದು. ಕೆಲಸಕ್ಕೆ ಬಳಸುತ್ತೇನೆ ಎಂದು ತಿಳಿಸಿ ಕೇಳಿ. ಎಷ್ಟೋ ಮನೆಗಳಲ್ಲಿ ಗುಜರಿಗೆ ಕೊಡಲು ಮನಸ್ಸು ಬಾರದೆಯೇ ಅದು ಉಳಿದಿರುತ್ತದೆ.

ಪ್ರಶ್ನೆ: ಪರಿಚಯದವರೊಬ್ಬರು ರೈಲು ಹಳಿಯ ಎರಡು ಅಡಿ ತುಂಡು ಕೊಡುತ್ತೇನೆ ಎನ್ನುತ್ತಿದ್ದಾರೆ. ತೆಗೆದುಕೊಳ್ಳಬಹುದೇ?
— ಓದುಗರು, ಸುರತ್ಕಲ್

ಉತ್ತರ: ಬಿಲ್ ಇದ್ದರೆ ಮಾತ್ರ. 1966ರ ರೈಲ್ವೆ ಆಸ್ತಿ ಅಕ್ರಮ ಸ್ವಾಧೀನ ಕಾಯ್ದೆಯಂತೆ, ಕದ್ದದ್ದು ಅಥವಾ ಅಕ್ರಮವಾಗಿ ಪಡೆದದ್ದು ಎಂದು ಸಂಶಯ ಬರುವ ರೈಲ್ವೆ ಸಾಮಾನು ನಿಮ್ಮ ಬಳಿ ಸಿಕ್ಕರೆ, ಅದು ಕಾನೂನುಬದ್ಧವಾಗಿ ಬಂದದ್ದು ಎಂದು ತೋರಿಸುವ ಹೊಣೆ ನಿಮ್ಮದೇ. ಮೊದಲ ಅಪರಾಧಕ್ಕೇ ಐದು ವರ್ಷದವರೆಗೆ ಜೈಲಾಗಬಹುದು. ರೈಲ್ವೆ ತನ್ನ ಗುಜರಿಯನ್ನು ಹರಾಜಿನಲ್ಲಿ ಮಾರುತ್ತದೆ. ಹರಾಜಿನಲ್ಲಿ ಕೊಂಡ ವ್ಯಾಪಾರಿಯಿಂದ ರಸೀದಿ ಸಮೇತ ತುಂಡು ಪಡೆದು, ಆ ರಸೀದಿಯನ್ನು ಜೋಪಾನವಾಗಿಡಿ. ಮ್ಯಾನ್‌ಹೋಲ್ ಮುಚ್ಚಳ, ವಿದ್ಯುತ್ ಕಂಬದ ಸಾಮಾನುಗಳಿಗೂ ಇದೇ ಎಚ್ಚರ ಬೇಕು. ಮನೆಬಳಕೆಯ ಗ್ಯಾಸ್ ಸಿಲಿಂಡರನ್ನಂತೂ ಕುಲುಮೆ ಮಾಡಲೆಂದು ಕೊಳ್ಳಲೇಬೇಡಿ. ಅದು ತೈಲ ಕಂಪನಿಯ ಸೊತ್ತು, ಕೊಯ್ಯುವಾಗ ಒಳಗೆ ಉಳಿದ ಗ್ಯಾಸಿನಿಂದ ಸಿಡಿಯುವ ಅಪಾಯ ಬೇರೆ.

ಬಿಲ್ ಸಮೇತ ಸಿಕ್ಕಿತೆಂದುಕೊಳ್ಳಿ. ಹಳಿಯನ್ನು ರೈಲಿನ ಕೆಳಗೆ ಇರುವಂತೆ ಮಲಗಿಸಿ ಬಳಸುವುದು ಎಲ್ಲರೂ ಮಾಡುವ ತಪ್ಪು. ನಡುವಿನ ಹಾಳೆ ಬರೀ 16 ಮಿ.ಮೀ. ಆಸುಪಾಸು ದಪ್ಪ. ಏಟು ಬಿದ್ದಾಗ ಅದು ಕುಣಿದು, ನಿಮ್ಮ ಶ್ರಮದ ಒಂದು ಪಾಲನ್ನು ತಾನೇ ತಿಂದುಬಿಡುತ್ತದೆ. ತುಂಡನ್ನು ಕಂಬದಂತೆ ನಿಲ್ಲಿಸಿ, ಕೊಯ್ದ ತುದಿಯನ್ನು ಸಪಾಟು ಮಾಡಿ ಅದರ ಮೇಲೆ ತಟ್ಟಿ. 60 ಕೆ.ಜಿ. ಹಳಿ ಎಂದರೆ ಮೀಟರಿಗೆ 60 ಕೆ.ಜಿ.; ನಿಮ್ಮ ಎರಡು ಅಡಿ ತುಂಡು ಸುಮಾರು 36 ಕೆ.ಜಿ. ಆಗುತ್ತದೆ. ಅಷ್ಟೂ ತೂಕ ಏಟಿನ ಕೆಳಗೆ ನಿಲ್ಲುತ್ತದೆ. ಬದಿಯ ಅಂಚುಗಳಲ್ಲಿ ಒಂದನ್ನು ಗುಂಡಾಗಿ, ಇನ್ನೊಂದನ್ನು ಚೂಪಾಗಿ ಉಜ್ಜಿಕೊಂಡರೆ ಬಾಗಿಸಲು, ಕಡಿಯಲು ಬೇರೆ ಉಪಕರಣ ಹುಡುಕಬೇಕಾಗಿಲ್ಲ.

ಪ್ರಶ್ನೆ: ಮಲ್ಪೆಯಲ್ಲಿ ದೋಣಿಗಳಿಂದ ಬಿಚ್ಚಿದ ಕಬ್ಬಿಣ ರಾಶಿ ಬಿದ್ದಿರುತ್ತದೆ. ಅದರಲ್ಲಿ ಕತ್ತಿಗೆ ಆಗುವಂಥದ್ದು ಯಾವುದು?
— ಓದುಗರು, ಕಾಪು

ಉತ್ತರ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮಲ್ಪೆಯಲ್ಲೂ ಮಂಗಳೂರಿನ ದಕ್ಕೆಯಲ್ಲೂ ದೋಣಿ ರಿಪೇರಿ ನಡೆಯುವ ಕಾಲವದು. ಬಿಚ್ಚಿದ ಸಾಮಾನು ಹತ್ತಿರದ ಗುಜರಿಗಳಿಗೆ ಬರುವುದೂ ಆಗಲೇ.

ದೋಣಿಯ ಹೆಚ್ಚಿನ ಕಬ್ಬಿಣ ಕತ್ತಿಗೆ ಆಗುವುದಿಲ್ಲ. ತಗಡು, ಆಂಗಲ್, ಸರಪಳಿ ಎಲ್ಲ ಸಾಮಾನ್ಯವಾಗಿ ಎಂಎಸ್, ಅಂದರೆ ಮೈಲ್ಡ್ ಸ್ಟೀಲ್ ಎಂಬ ಮೆದು ಉಕ್ಕು. ಅದರಲ್ಲಿ ಇಂಗಾಲ ಕಡಿಮೆ, ಎಷ್ಟು ಕಾಯಿಸಿ ಅದ್ದಿದರೂ ಹದ ಹಿಡಿಯುವುದಿಲ್ಲ. ಕೊಕ್ಕೆ, ಬಾಗಿಲ ಚಿಲಕ, ಇಕ್ಕಳ ಮಾಡಲು ಅದೇ ಬೇಕು. ಹೊಳೆಯುವ ಪ್ರೊಪೆಲ್ಲರ್ ಶಾಫ್ಟಿಗೆ ಅಯಸ್ಕಾಂತ ಹಿಡಿಯಿರಿ. ಅಂಟದಿದ್ದರೆ ಅದು ಹದ ಹಿಡಿಯದ ಜಾತಿಯ ಸ್ಟೇನ್‌ಲೆಸ್, ಕತ್ತಿಗೆ ಬೇಡ. ವಿಂಚಿನ ಗಿಯರು, ಎಂಜಿನ್ನಿನ ಬೇರಿಂಗು, ಸ್ಪ್ರಿಂಗುಗಳಲ್ಲಿ ಒಳ್ಳೆಯ ಉಕ್ಕು ಇರುತ್ತದೆ. ಗಿಯರಿನಲ್ಲಿ ಒಂದು ತೊಡಕಿದೆ: ಎಷ್ಟೋ ಗಿಯರುಗಳು ಮೇಲ್ಪದರ ಮಾತ್ರ ಗಟ್ಟಿ ಮಾಡಿದಂಥವು, ಒಳಗೆ ಮೆದು. ಬೇರಿಂಗಿನಲ್ಲಿ ಸುಮಾರು ಶೇ. 1 ಇಂಗಾಲ, ಶೇ. 1.5 ಕ್ರೋಮಿಯಂ. ಅದು ಕಿತ್ತಳೆ ಬಣ್ಣದಾಚೆ ಕಾದರೆ ಸುತ್ತಿಗೆಯಡಿ ಪುಡಿಯಾಗುತ್ತದೆ, ತಣ್ಣಗಾದ ಮೇಲೆ ತಟ್ಟಿದರೆ ಸೀಳುತ್ತದೆ. ಹೊಸಬರು ಅದನ್ನು ಮುಟ್ಟದಿರುವುದೇ ಒಳ್ಳೆಯದು.

ಸಂಶಯವಿದ್ದಾಗ ಗ್ರೈಂಡರಿಗೆ ಹಿಡಿದು ಕಿಡಿ ನೋಡಿ. ಎಂಎಸ್‌ನ ಕಿಡಿ ಉದ್ದ, ನೇರ, ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಕವಲು. ಇಂಗಾಲ ಹೆಚ್ಚಿದ ಉಕ್ಕಿನ ಕಿಡಿ ನಕ್ಷತ್ರಕಡ್ಡಿಯಂತೆ ಚಕ್ರದ ಹತ್ತಿರದಿಂದಲೇ ಒಡೆದು ಹರಡುತ್ತದೆ. ಬೀಡಿನ ಕಿಡಿ ಗಿಡ್ಡ, ಕೆಂಪು. ಕಣ್ಣಂದಾಜು ಸಾಲದು, ಒಂದು ಮೊಳೆ, ಒಂದು ಹಳೆ ಅರ ಜೊತೆಗಿಟ್ಟುಕೊಂಡು ಪಕ್ಕಪಕ್ಕ ಹಿಡಿದು ಹೋಲಿಸಿ.

ಬಂದರಿನ ಕಬ್ಬಿಣದಲ್ಲಿ ಮೂರು ಅಪಾಯಗಳಿವೆ, ಇವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಶಾಕಲ್, ಬಲೆ ಎಳೆಯುವ ವೈರ್ ರೋಪ್ ಮುಂತಾದವಕ್ಕೆ ಸತುವಿನ ಲೇಪವಿರಬಹುದು. ಸತು 907 ಡಿಗ್ರಿಯಲ್ಲಿ ಕುದಿಯುತ್ತದೆ, ಕುಲುಮೆಯ ಶಾಖ ಅದಕ್ಕಿಂತ ಹೆಚ್ಚು. ಆ ಬಿಳಿ ಹೊಗೆ ಕುಡಿದವರಿಗೆ ಅದೇ ಸಂಜೆ ಚಳಿಜ್ವರ ಬರುತ್ತದೆ. ಕಾಯಿಸುವ ಮೊದಲು ರಾತ್ರಿಯಿಡೀ ವಿನಿಗರಿನಲ್ಲಿ ಮುಳುಗಿಸಿಟ್ಟು, ಬೂದುಬಣ್ಣದ ಲೇಪ ಪೂರ್ತಿ ಹೋಗುವವರೆಗೆ ಉಜ್ಜಿ. ಎರಡನೆಯದು ದೋಣಿಯ ತಳಕ್ಕೆ ಹಚ್ಚುವ ಬಣ್ಣ. ಅದರಲ್ಲಿ ತಾಮ್ರದಂಥ ವಿಷವಸ್ತುಗಳಿರುತ್ತವೆ. ಸುಟ್ಟು ತೆಗೆಯಬೇಡಿ, ಒದ್ದೆ ಮಾಡಿ ಕೆರೆಯಿರಿ. ಮೂರನೆಯದು ಎರಡೂ ತುದಿ ಮುಚ್ಚಿದ ಕೊಳವೆ, ಶಾಕ್ ಅಬ್ಸಾರ್ಬರ್. ಬೆಂಕಿಗೆ ಇಟ್ಟರೆ ಬಾಂಬಿನಂತೆ ಸಿಡಿಯುತ್ತವೆ.

ಪ್ರಶ್ನೆ: ಲಾರಿಯ ಹಳೆ ಲೀಫ್ ಪ್ಲೇಟಿನಿಂದ ಕತ್ತಿ ಮಾಡಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದೆ. ಟಕ್ ಎಂದು ಸದ್ದಾಯಿತು. ಮರದ ಮೇಲೆ ಒಂದು ಏಟಿಗೇ ಎರಡು ತುಂಡು. ಪ್ಲೇಟು ಕೆಟ್ಟದ್ದೋ, ನನ್ನ ಕೆಲಸವೋ?
— ಓದುಗರು, ಹಿರಿಯಡ್ಕ

ಉತ್ತರ: ಮುರಿದ ಮುಖವನ್ನು ಬಿಸಿಲಿಗೆ ಹಿಡಿದು ನೋಡಿ, ಉತ್ತರ ಅಲ್ಲೇ ಇದೆ. ಮುಖದ ಒಂದು ಭಾಗ ತುಕ್ಕಿನ ಕಂದು ಅಥವಾ ಕಪ್ಪಾಗಿದ್ದರೆ ಬಿರುಕು ಮೊದಲೇ ಇತ್ತು. ಲಕ್ಷಾಂತರ ಸಲ ಬಾಗಿ ದಣಿದ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಬಿರುಕು ಸಾಮಾನ್ಯ, ಅದರಲ್ಲೂ ನಡುವಿನ ಬೋಲ್ಟಿನ ತೂತಿನ ಸುತ್ತ. ತೂತಿನ ಎರಡೂ ಕಡೆ ಒಂದು ಗೇಣು ಬಿಟ್ಟು ಉಳಿದದ್ದನ್ನು ಬಳಸಿ. ಮುಖವೆಲ್ಲ ಸಕ್ಕರೆಯಂತೆ ಮಿನುಗಿದರೆ ಉಕ್ಕು ಅತಿಯಾಗಿ ಕಾದು ಹರಳು ದೊಡ್ಡದಾಗಿದೆ. ನುಣ್ಣಗೆ, ಮಾಸಲು ಬೂದುಬಣ್ಣ ಇದ್ದರೆ ಕಾಯಿಸಿದ್ದು ಸರಿ, ತಪ್ಪಿದ್ದು ನೀರಿನಲ್ಲಿ.

ಟಕ್ ಸದ್ದು ಕೇಳಿದ್ದೀರಿ ಎಂದ ಮೇಲೆ ನೀರು ಕಾರಣವೆಂಬುದು ಬಹುತೇಕ ಖಚಿತ. ಲೀಫ್ ಪ್ಲೇಟು ಸಿಲಿಕಾನ್ ಅಥವಾ ಕ್ರೋಮಿಯಂ ಬೆರೆತ ಉಕ್ಕು. ಎಣ್ಣೆಯ ನಿಧಾನದ ತಂಪಿಗೇ ಅದು ಒಳಗಿನವರೆಗೆ ಗಟ್ಟಿಯಾಗುತ್ತದೆ. ನೀರಿನಲ್ಲಿ ಹೊರಗಿನ ಪದರ ಕ್ಷಣದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಆಮೇಲೆ ಒಳಭಾಗ ಗಟ್ಟಿಯಾಗುತ್ತಾ ಹಿಗ್ಗುತ್ತದೆ. ಹೊರಪದರ ಸೀಳದೆ ಬೇರೆ ದಾರಿಯಿಲ್ಲ.

ಮುಂದಿನ ಸಲ ಹೀಗೆ ಮಾಡಿ. ತಟ್ಟಿ ಮುಗಿದ ಮೇಲೆ, ಅಯಸ್ಕಾಂತ ಅಂಟದಷ್ಟು ಕಾಯಿಸಿ ಗಾಳಿಯಲ್ಲಿ ಆರಲು ಬಿಡಿ. ಇದನ್ನು ಮೂರು ಸಲ ಮಾಡಿದರೆ ಹರಳು ಚಿಕ್ಕದಾಗುತ್ತದೆ. ಬಾಯಿಯನ್ನು ಪೂರ್ತಿ ತೆಳು ಮಾಡದೆ 1.5ರಿಂದ 2 ಮಿ.ಮೀ. ದಪ್ಪ ಉಳಿಸಿ, ಅಡ್ಡ ಗೀರುಗಳನ್ನು ಉಜ್ಜಿ ತೆಗೆಯಿರಿ. ಎತ್ತರದ ಕಬ್ಬಿಣದ ಡಬ್ಬದಲ್ಲಿ ಏಳೆಂಟು ಲೀಟರ್ ಖಾದ್ಯ ಎಣ್ಣೆಯನ್ನು 50–60 ಡಿಗ್ರಿಗೆ ಬೆಚ್ಚಗೆ ಮಾಡಿಟ್ಟುಕೊಳ್ಳಿ. ತಣ್ಣನೆಯ ಎಣ್ಣೆ ಮಂದವಾಗಿದ್ದು ಶಾಖವನ್ನು ನಿಧಾನ ಎಳೆಯುತ್ತದೆ. ಹಳೆ ಎಂಜಿನ್ ಆಯಿಲಿನ ಹೊಗೆ ಕೆಟ್ಟದ್ದು, ಬೇಡ. ಅಯಸ್ಕಾಂತ ಬಿಟ್ಟ ಮೇಲೆ ಬಣ್ಣ ಇನ್ನೊಂದಿಷ್ಟು ಏರಲಿ, ಆಗ ನೇರವಾಗಿ ಅದ್ದಿ. ಅಕ್ಕಪಕ್ಕ ಅಲುಗಿಸಿದರೆ ಸೊಟ್ಟಗಾಗುತ್ತದೆ. ಬೆಂಕಿ ಹತ್ತಿದರೆ ಮುಚ್ಚಲು ತಗಡಿನ ಮುಚ್ಚಳ ಕೈಯಳತೆಯಲ್ಲಿರಲಿ.

ಅದ್ದಿದ ಕತ್ತಿಯನ್ನು ನಾಳೆಗೆಂದು ಇಡಬೇಡಿ, ಕೂಡಲೇ ಹದ ಇಳಿಸಬೇಕು, ಅಂದರೆ ಮಿತವಾಗಿ ಕಾಯಿಸಿ ಅತಿ ಗಡಸನ್ನು ಸ್ವಲ್ಪ ತಗ್ಗಿಸಬೇಕು. ಉಜ್ಜಿ ಬೆಳ್ಳಗೆ ಮಾಡಿ ಬೆನ್ನಿನ ಕಡೆಯಿಂದ ಕಾಯಿಸುತ್ತಾ ಬನ್ನಿ. ಬಾಯಿಯ ಬಣ್ಣ ಒಣಹುಲ್ಲಿನ ಹಳದಿಯಲ್ಲಿ ನಿಂತರೆ ಅಡುಗೆಮನೆ ಚಾಕುವಿಗೆ ಸರಿ, ಮರ ಕಡಿಯುವ ಕತ್ತಿಗೆ ಅದು ಅತಿ ಗಟ್ಟಿ, ಬಾಯಿ ಹಾರುತ್ತದೆ. ನೇರಳೆ ದಾಟಿ ನೀಲಿ ಮೂಡುವಾಗ, ಅಂದರೆ 290–300 ಡಿಗ್ರಿ ಸುಮಾರಿಗೆ ನಿಲ್ಲಿಸಿ.

ಪ್ರಶ್ನೆ: ಮುಚ್ಚಿದ ಹಂಚಿನ ಕಾರ್ಖಾನೆಯ ಯಂತ್ರದ ಭಾಗಗಳು ಗುಜರಿಗೆ ಬಂದಿವೆ. ತಟ್ಟಲು ಆಗುತ್ತದೆಯೇ?
— ಓದುಗರು, ಜೆಪ್ಪು

ಉತ್ತರ: ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ, ನಿಮ್ಮ ಜೆಪ್ಪುವಿನಲ್ಲೇ. ಆ ಉದ್ಯಮದ ಹಳೆಯ ಯಂತ್ರಗಳ ಚೌಕಟ್ಟು, ದೊಡ್ಡ ಚಕ್ರಗಳು ಹೆಚ್ಚಾಗಿ ಬೀಡು. ಬೀಡನ್ನು ತಟ್ಟಿದರೆ ಒಡೆದು ಚೂರಾಗುತ್ತದೆ, ಎಷ್ಟು ಕಾಯಿಸಿದರೂ ಬಗ್ಗುವುದಿಲ್ಲ. ದಪ್ಪ ಹಲಗೆಯಂಥ ತುಂಡು ಕಾದ ಕಬ್ಬಿಣ ನೆಟ್ಟಗೆ ಮಾಡಲು ಉಪಯೋಗಕ್ಕೆ ಬರುತ್ತದೆ, ಅಷ್ಟೇ. ಅದರ ಬದಲು ಹಳೇ ಮನೆ ಕೆಡವಿದಲ್ಲಿ ಸಿಗುವ ಕಿಟಕಿ ಸರಳು, ಬಾಗಿಲ ಪಟ್ಟಿ ನೋಡಿ. ಅರ್ಧ ಕೊಯ್ದು ಬಗ್ಗಿಸಿದಾಗ ಬಿದಿರಿನಂತೆ ನಾರು ನಾರಾಗಿ ಸೀಳಿದರೆ ಅದು ಹಳೆಯ ಕಾಲದ ಬಡಿದ ಕಬ್ಬಿಣ. ಇಂಗಾಲ ತೀರ ಕಡಿಮೆ, ಕತ್ತಿಯ ಬಾಯಿಗೆ ಆಗದು. ಆದರೆ ಬೆಸೆಯಲು, ಬಳುಕಿಸಲು ಅಷ್ಟು ಒಳ್ಳೆಯ ಕಬ್ಬಿಣ ಇಂದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಚೆನ್ನಾಗಿ ಕಾದಾಗಲೇ ತಟ್ಟಿ, ಶಾಖ ಇಳಿದಾಗ ತಟ್ಟಿದರೆ ನಾರು ಬಿಡುತ್ತದೆ.

ಪ್ರಶ್ನೆ: ಹಳೆಯ ಲೆಗ್ ವೈಸ್ (ಕಬ್ಬಿಣ ಬಿಗಿಹಿಡಿಯುವ, ಕಾಲಿರುವ ಸಾಧನ), ಕುಲುಮೆಗೆ ಗಾಳಿ ಊದಲು ಕೈಯಿಂದ ತಿರುಗಿಸುವ ಬ್ಲೋವರ್ ನೋಡಿದ್ದೇನೆ, ಎರಡೂ ತುಕ್ಕು ಹಿಡಿದಿವೆ. ಏನು ನೋಡಿ ಕೊಳ್ಳಬೇಕು? ತುಕ್ಕು ತೆಗೆಯುವುದು ಹೇಗೆ?
— ಓದುಗರು, ಮೂಡುಬಿದಿರೆ

ಉತ್ತರ: ವೈಸಿನಲ್ಲಿ ಜೀವವಿರುವುದು ಸ್ಕ್ರೂ ಮತ್ತು ಅದು ಕೂರುವ ಮರೆಯಲ್ಲಿ, ಅಂದರೆ ಒಳಪುರಿಯಿರುವ ನಟ್ಟಿನಲ್ಲಿ. ದವಡೆಯನ್ನು ಅರ್ಧ ತೆರೆದು ಹಿಂದೆ ಮುಂದೆ ಎಳೆಯಿರಿ. ಎರಡು ಮೂರು ಮಿ.ಮೀ. ಆಟ ಪರವಾಗಿಲ್ಲ. ಬಿಗಿ ಮಾಡುವಾಗ ಜಾರಿದರೆ ಮರೆ ಸವೆದಿದೆ, ಬಿಟ್ಟುಬಿಡಿ. ಸ್ಪ್ರಿಂಗ್ ಇಲ್ಲದಿದ್ದರೆ ಚಿಂತೆಯಿಲ್ಲ, ಲೀಫ್ ಪ್ಲೇಟಿನ ತುಂಡಿನಿಂದ ಮಾಡಿಕೊಳ್ಳಬಹುದು. ಬ್ಲೋವರಿನ ಹಿಡಿಯನ್ನು ಜೋರಾಗಿ ತಿರುಗಿಸಿ ಕೈಬಿಡಿ. ಸ್ವಲ್ಪ ಹೊತ್ತು ತಾನೇ ತಿರುಗಬೇಕು. ಕಟಕಟ ಸದ್ದು ಬಂದರೆ ಗಿಯರಿನ ಹಲ್ಲು ಹೋಗಿದೆ. ಅದಕ್ಕೆ ಹಲ್ಲು ಮಾಡಿಸುವ ಖರ್ಚಿನಲ್ಲಿ ಹೊಸ ಕರೆಂಟಿನ ಬ್ಲೋವರ್ ಬರುತ್ತದೆ.

ತುಕ್ಕಿಗೆ ಇದು ಅಗ್ಗದ ದಾರಿ: 20 ಲೀಟರ್ ನೀರಿಗೆ 200 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಪ್ಲಾಸ್ಟಿಕ್ ಬಕೆಟಿನಲ್ಲಿ ತುಂಬಿ. 12 ವೋಲ್ಟ್ ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ವೈಸಿನ ಭಾಗಕ್ಕೆ, ಧನ ತಂತಿಯನ್ನು ಬೇಡದ ಎಂಎಸ್ ತುಂಡಿಗೆ ಕಟ್ಟಿ ಎರಡೂ ತಾಗದಂತೆ ಮುಳುಗಿಸಿಡಿ. ಒಂದು ರಾತ್ರಿಯಲ್ಲಿ ತುಕ್ಕು ಕೆಸರಿನಂತೆ ಸಡಿಲವಾಗುತ್ತದೆ. ಧನ ಕಡೆಗೆ ಸ್ಟೇನ್‌ಲೆಸ್ ಹಾಕಿದರೆ ನೀರಿನಲ್ಲಿ ವಿಷಕಾರಿ ಕ್ರೋಮಿಯಂ ಸೇರುತ್ತದೆ, ಹಾಕಬೇಡಿ. ಹೈಡ್ರೋಜನ್ ಹೊರಡುವುದರಿಂದ ಬಕೆಟ್ ಬಯಲಿನಲ್ಲಿರಲಿ. ತಂತಿ ಬಿಚ್ಚುವ ಮೊದಲು ಚಾರ್ಜರ್ ಆಫ್ ಮಾಡಿ, ಕಿಡಿ ಹಾರಬಾರದು.

ಹೊರತೆಗೆದ ತಕ್ಷಣ ತೊಳೆದು, ಕೈಗೆ ಬಿಸಿ ತಾಗುವಷ್ಟು ಕಾಯಿಸಿ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ. ನಮ್ಮ ಮಳೆಗಾಲದ ಗಾಳಿಗೆ ಬರೀ ಕಬ್ಬಿಣ ಒಂದು ರಾತ್ರಿಯಲ್ಲೇ ಕೆಂಪಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯದೆ ಹರಡಿ ಒಣಗಿಸಿ, ಮುದ್ದೆಯಾಗಿದ್ದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಬಂದರಿನಿಂದ ತಂದ ಕಬ್ಬಿಣವನ್ನು ಮೊದಲು ಸಿಹಿನೀರಿನಲ್ಲಿ ನಾಲ್ಕೈದು ಸಲ ತೊಳೆದು ಉಪ್ಪು ಕಳೆಯಿರಿ, ಆಮೇಲೆ ನೆಲದಿಂದ ಒಂದಡಿ ಎತ್ತರದಲ್ಲಿ, ಗಾಳಿಯಾಡುವಂತೆ ಮಾಡಿನಡಿ ಇಡಿ. ಟಾರ್ಪಾಲಿನಲ್ಲಿ ಬಿಗಿಯಾಗಿ ಸುತ್ತಿದರೆ ತೇವ ಒಳಗೇ ಉಳಿಯುತ್ತದೆ.