ಮಗಳು ವರ್ಣಮಾಲೆಯನ್ನು ಹಾಡಿನಂತೆ ಹೇಳುತ್ತಾಳೆ, ಓದಲು ಮಾತ್ರ ಬರುವುದಿಲ್ಲ. ಮನೆಯಲ್ಲಿ ಹೇಗೆ ಕಲಿಸಲಿ?

ಐದೂವರೆ ವರ್ಷದ ನಿಮ್ಮ ಮಗಳು ‘ಅ’ದಿಂದ ‘ಳ’ದವರೆಗೆ ತಡವರಿಸದೆ ಹೇಳುತ್ತಾಳೆ, ಆದರೆ ನಡುವಿನ ಒಂದು ಅಕ್ಷರ ತೋರಿಸಿ ಇದೇನು ಎಂದರೆ ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ ಎಂದು ಬರೆದಿದ್ದೀರಿ. ಓದಿ ನಗು ಬಂತು. ನನ್ನ ಹಿರಿಯ ಮಗನೂ ಹೀಗೆಯೇ ಮಾಡುತ್ತಿದ್ದ. ‘ಠ’ ತೋರಿಸಿದರೆ ಕಣ್ಣು ಮುಚ್ಚಿಕೊಂಡು ಕ ವರ್ಗ, ಚ ವರ್ಗ ಎಲ್ಲವನ್ನೂ ದಾಟಿ ಓಡಿ ಬರುತ್ತಿದ್ದ. ತಪ್ಪು ನನ್ನದೇ. 49 ಅಕ್ಷರಗಳನ್ನು ರಾಗವಾಗಿ ಬಾಯಿಪಾಠ ಮಾಡಿಸಿದ್ದೆ, ಅವನು ರಾಗ ಕಲಿತಿದ್ದ. ಅದು ಸಾಲದೆಂದು ದಿನಕ್ಕೊಂದು ಪುಟ ಒಂದೇ ಅಕ್ಷರ ಬರೆಸುತ್ತಿದ್ದೆ. ನಾಲ್ಕನೆಯ ಸಾಲು ದಾಟಿದರೆ ಅವನ ‘ಅ’ ಕಾಲು ಮುರಿದ ಜೀರುಂಡೆಯ ಹಾಗೆ ಕಾಣುತ್ತಿತ್ತು.

ಮಗಳ ಸರದಿ ಬಂದಾಗ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವ ನನ್ನ ಅತ್ತಿಗೆ ಗದರಿದರು. ನಲಿ-ಕಲಿಯ ಹೆಸರು ಕೇಳಿರುತ್ತೀರಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಆರಂಭವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ಕಲಿಕೆಯ ಕ್ರಮ ಅದು. ಅತ್ತಿಗೆ ಪಾಠ ಶುರು ಮಾಡುವುದು ಅ, ಆ, ಇ, ಈ ಎಂದಲ್ಲ. ರ, ಗ, ಸ, ದ, ಅ ಎಂದು. ಮೊದಲಿಗೆ ನನಗೂ ವಿಚಿತ್ರ ಅನ್ನಿಸಿತ್ತು. ಆದರೆ ಈ ಐದೇ ಅಕ್ಷರಗಳಲ್ಲಿ ಎಷ್ಟು ಮಾತುಗಳು ಹುಟ್ಟುತ್ತವೆ ನೋಡಿ: ಸರ, ರಸ, ಅರಸ, ಅಗಸ, ಗರಗಸ, ಸರಸರ. ಬರೆಯಲೂ ಸುಲಭ, ಒಂದು ಸುತ್ತು, ಒಂದು ಬಾಗು, ಮೇಲೊಂದು ತಲೆಕಟ್ಟು. ವಾರ ಕಳೆಯುವಷ್ಟರಲ್ಲಿ ಮಗು ಒಂದು ಇಡೀ ಪದವನ್ನು ತಾನೇ ಓದಿರುತ್ತದೆ. ‘ಗರಗಸ’ ಓದಿದ ದಿನ ನನ್ನ ಮಗಳು ಮನೆಯ ಮರದ ಸಾಮಾನನ್ನೆಲ್ಲ ಕೊಯ್ಯುವ ಅಭಿನಯ ಮಾಡಿದಳು. ನಂತರ ಜ, ವ, ಮ, ಬ, ನ ಸೇರಿಸಿದರೆ ಮರ, ವನ, ಜನ, ಬಸವ ಎಂದು ಪದಗಳ ರಾಶಿಯೇ ಬೀಳುತ್ತದೆ. ಹಾಗಾಗಿ ವರ್ಣಮಾಲೆಯ ಹಾಡನ್ನು ಅವಳು ಖುಷಿಗೆ ಹಾಡಿಕೊಳ್ಳಲಿ, ನೀವು ಇಲ್ಲಿಂದ ಶುರು ಮಾಡಿ.

ಬರೆಯಲು ಆತುರ ಬೇಡ. ಆ ವಯಸ್ಸಿನ ಬೆರಳಿಗೆ ಪೆನ್ಸಿಲ್ ಭಾರವೇ. ಸ್ಲೇಟು ಬಳಪ ಸಾಕು, ತಟ್ಟೆಯಲ್ಲಿ ಹರಡಿದ ರವೆ ಇನ್ನೂ ಒಳ್ಳೆಯದು. ನಮ್ಮ ಮನೆಯಲ್ಲಿ ಹೆಚ್ಚು ನಡೆದದ್ದು ಕೋಡುಬಳೆ ಹಿಟ್ಟು. ಹೊಸೆದು ‘ಗ’ ಮಾಡು, ‘ರ’ ಮಾಡು ಎಂದರೆ ಅರ್ಧ ಗಂಟೆ ಗಲಾಟೆಯಿಲ್ಲ. ಕರಿದ ಮೇಲೆ ಯಾವ ಅಕ್ಷರ ತಿನ್ನುತ್ತೀಯೋ ಅದನ್ನು ಹೇಳಿ ತಿನ್ನಬೇಕು ಎಂಬುದು ನಿಯಮ. (‘ಳ’ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಪ್ರಯತ್ನಿಸಬೇಡಿ.)

ಕನ್ನಡದ ನಿಜವಾದ ಕಷ್ಟ ಅಕ್ಷರಮಾಲೆಯಲ್ಲಿಲ್ಲ, ಕಾಗುಣಿತದಲ್ಲಿದೆ. ಇಲ್ಲಿಯೂ ಕ, ಕಾ, ಕಿ, ಕೀ ಎಂದು 34 ವ್ಯಂಜನಗಳ ಸಾಲನ್ನೂ ಉರು ಹೊಡೆಸಬೇಡಿ. ಒಂದೊಂದೇ ಚಿಹ್ನೆ ತೆಗೆದುಕೊಳ್ಳಿ. ಇಳಿ ಹಾಕಿದರೆ ಸರ ಸಾರವಾಗುತ್ತದೆ, ದರ ದಾರವಾಗುತ್ತದೆ. ಗುಡಿಸು ಹಾಕಿದರೆ ಮರ ಮರಿಯಾಗುತ್ತದೆ. ಚಿಹ್ನೆ ಬದಲಾದರೆ ವಸ್ತುವೇ ಬದಲಾಗುತ್ತದೆ ಎಂಬುದು ಕಣ್ಣಿಗೆ ಕಂಡರೆ ಮಗು ಮರೆಯುವುದಿಲ್ಲ. ಅಡುಗೆಮನೆಯಲ್ಲಿ ನಾನು ಚೀಟಿಗಳನ್ನು ಬರೆದಿಟ್ಟಿದ್ದೆ: ಬಳೆ, ಬಾಳೆ, ಬೇಳೆ. ಚೀಟಿ ಓದಿ ಸರಿಯಾದ ವಸ್ತು ತಂದುಕೊಡಬೇಕು. ಬೇಳೆ ಕೇಳಿದಾಗ ನನ್ನ ಬಳೆ ಬಂದದ್ದೂ ಉಂಟು.

ಕೆಲವು ಕಡೆ ದೊಡ್ಡವರಾದ ನಾವು ಗಮನಿಸದ ಗುಂಡಿಗಳಿವೆ. ‘ಗು’, ‘ಸು’ ಬರೆಯುವಾಗ ಕೊಂಬು ಪಕ್ಕಕ್ಕೆ ಬರುತ್ತದೆ, ‘ಪು’, ‘ವು’ ಬರೆಯುವಾಗ ಕೆಳಕ್ಕೆ ಇಳಿಯುತ್ತದೆ. ‘ವ’ಕ್ಕೂ ಪಕ್ಕಕ್ಕೆ ಹಾಕಿದರೆ ಅದು ‘ಮ’ ಆಗಿಬಿಡುತ್ತದೆ. ಮಗು ‘ಹಾವು’ ಬದಲು ‘ಹಾಮ’ ಎಂದು ಬರೆದರೆ ಬೈಯಬೇಡಿ, ಅದು ನಿಯಮವನ್ನು ಸರಿಯಾಗಿಯೇ ಪಾಲಿಸಿದೆ. ‘ಮೊ’, ‘ಯೊ’ ಕೂಡ ಹೀಗೆಯೇ, ‘ಕೊ’, ‘ಗೊ’ಗಳ ಹಾಗೆ ಕಾಣುವುದಿಲ್ಲ. ಒತ್ತಕ್ಷರಕ್ಕೆ ಬಂದರೆ ಅಪ್ಪ, ಅಕ್ಕ, ಅಜ್ಜ, ಅಣ್ಣ ಸಲೀಸು, ಅದೇ ಅಕ್ಷರ ಚಿಕ್ಕದಾಗಿ ಕೆಳಗೆ ಕೂತಿರುತ್ತದೆ. ಅಮ್ಮ, ಅತ್ತೆ, ಅನ್ನ ಕಷ್ಟ, ಏಕೆಂದರೆ ಮ, ತ, ನ ಒತ್ತಾದಾಗ ವೇಷ ಬದಲಿಸುತ್ತವೆ. ಯ, ರ, ಲ ಕೂಡ ಹಾಗೆಯೇ. ಈ ಆರನ್ನು ಬೇರೆಯಾಗಿ, ನಿಧಾನವಾಗಿ ಕಲಿಸಿ. ‘ಸೂರ್ಯ’ದ ಅರ್ಕಾವೊತ್ತನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ಮೊದಲು ಉಚ್ಚರಿಸುವ ‘ರ’ವನ್ನು ಆಮೇಲೆ ಬರೆಯುವುದು ಏಕೆ ಎಂದು ಮಗಳು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಇದರ ಜೊತೆಗೆ ರಾತ್ರಿ ಹತ್ತು ನಿಮಿಷ ನೀವು ಓದಿ ಹೇಳಿ, ಸಾಲಿನ ಕೆಳಗೆ ಬೆರಳು ಓಡಿಸುತ್ತ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮನೆಯಲ್ಲಿ ನಾವು ಆಡುವ ಕನ್ನಡ ಬೇರೆ, ಪುಸ್ತಕದ ಕನ್ನಡ ಬೇರೆ. ‘ಹೊರಟುಹೋದಳು’, ‘ಎಂದಿತು’ ಎಂಬ ಮಾತು ಕಿವಿಗೆ ಬೀಳದ ಮಗು ಅಕ್ಷರ ಬಲ್ಲದಾದರೂ ವಾಕ್ಯದಲ್ಲಿ ಮುಗ್ಗರಿಸುತ್ತದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಅಲ್ಲಿ ಮೊದಲ ಹಂತದ ಕಥೆಗಳಲ್ಲಿ ಪುಟಕ್ಕೆ ಒಂದೆರಡು ಸಾಲು ಮಾತ್ರ ಇರುತ್ತದೆ. ಆದರೆ ಮೊಬೈಲ್ ಅವಳ ಕೈಗೆ ಕೊಡದೆ ನೀವೇ ಹಿಡಿದುಕೊಳ್ಳಿ.

ಇಂಗ್ಲಿಷ್ ಮಾಧ್ಯಮದಲ್ಲಿ ಓದುವುದರಿಂದ ಎರಡೂ ಕಲಸಿಹೋಗುತ್ತವೆಯೇ ಎಂದು ಕೇಳಿದ್ದೀರಿ. ನಮ್ಮ ಇಬ್ಬರು ಮಕ್ಕಳಿಗೂ ಹಾಗಾಗಲಿಲ್ಲ. ಒಂದೇ ಹೊತ್ತಿನಲ್ಲಿ ಎರಡನ್ನೂ ಕೂರಿಸಿ ಕಲಿಸಬೇಡಿ, ಅಷ್ಟೆ.

ಓದು ಸ್ವಲ್ಪ ಕುದುರಿದ ಮೇಲೆ ಅಂಗಡಿಯ ಚೀಟಿ ಬರೆಯುವ ಕೆಲಸ ಅವಳಿಗೆ ಕೊಡಿ. ನನ್ನ ಮಗಳ ಮೊದಲ ಚೀಟಿಯಲ್ಲಿ ‘ಅಕಿ, ಬೆಲ, ಉಪು’ ಎಂದಿತ್ತು, ಒಂದು ಒತ್ತೂ ಇರಲಿಲ್ಲ. ನಾನು ತಿದ್ದದೆ ಅವಳ ಕೈಯಲ್ಲೇ ಅಂಗಡಿಯವರಿಗೆ ಕೊಡಿಸಿದೆ. ಅವರು ಓದಿಕೊಂಡು ಮೂರನ್ನೂ ಕಟ್ಟಿಕೊಟ್ಟರು. ಮನೆಗೆ ಬಂದು ಸಾಮಾನು ತೆಗೆದಿಡುವಾಗ ಅವಳು ಉಪ್ಪಿನ ಪೊಟ್ಟಣವನ್ನು ತಿರುಗಿಸಿ ನೋಡಿ, ಕೆಳಗೆ ಇನ್ನೊಂದು ‘ಪ’ ಇದೆಯಲ್ಲಮ್ಮ ಎಂದಳು.